ಕ್ಯೂಬ್ ಫೇಲ್ ಆಗಿದೆ, ಪಾಸ್ ಅಂತ ಸಹಿ ಹಾಕು ಅಂತಿದ್ದಾರೆ. ಏನು ಮಾಡಲಿ?

ಸೈಟ್‌ಧೂಳು:
ಬೆಂಗಳೂರಿನ ಹೊರವಲಯದ ಒಂದು ಅಪಾರ್ಟ್‌ಮೆಂಟ್ ಸೈಟ್‌ನಲ್ಲಿ ಕ್ವಾಲಿಟಿ ಎಂಜಿನಿಯರ್ ಆಗಿದ್ದೇನೆ. ಕಂಪನಿ ಹೆಸರು ಕೇಳಬೇಡಿ, ಹೇಳುವುದಿಲ್ಲ.

ವಿಷಯ ಇಷ್ಟು. ಎರಡನೇ ಮಹಡಿಯ ಕಾಲಂಗಳಿಗೆ ಎಂ30 ಕಾಂಕ್ರೀಟ್. ಬಲ ನೋಡುವುದಕ್ಕೆ ಅದೇ ಕಾಂಕ್ರೀಟ್‌ನಿಂದ ಅಚ್ಚು ಹಾಕಿ ನೀರಿನಲ್ಲಿಟ್ಟಿದ್ದ ಕ್ಯೂಬ್‌ಗಳನ್ನು 28ನೇ ದಿನ ನಮ್ಮ ಸೈಟ್ ಲ್ಯಾಬ್‌ನಲ್ಲೇ ಒಡೆದೆವು. 22.4, 23.1, 21.8 ಬಂತು. ಬರಬೇಕಾಗಿದ್ದು 30 (ಚದರ ಮಿಲಿಮೀಟರ್‌ಗೆ ಇಷ್ಟು ನ್ಯೂಟನ್ ಅನ್ನುವ ಲೆಕ್ಕ, ಎಂ30 ಅಂದರೆ ಇದೇ). ಏಳು ದಿನದ್ದೂ ಕಡಿಮೆಯೇ ಇತ್ತು, 15ರ ಹತ್ತಿರ. ಆಗಲೇ ಹೇಳಿದ್ದೆ. "28ಕ್ಕೆ ಎತ್ತಿಕೊಳ್ಳುತ್ತೆ ಬಿಡು" ಅಂದರು. ಅಷ್ಟರಲ್ಲಿ ಮೇಲೆ ಎರಡು ಸ್ಲ್ಯಾಬ್ ಹಾಕಿ ಆಗಿದೆ. ಇನ್ನೂ ಏಳು ಮಹಡಿ ಬಾಕಿ.

ಈಗ ಪ್ರಾಜೆಕ್ಟ್ ಮ್ಯಾನೇಜರ್ ಹೇಳುವುದು, ಆ ರಿಸಲ್ಟ್ ರಿಜಿಸ್ಟರ್‌ಗೆ ಹತ್ತಿಸಬೇಡ ಅಂತ. ನಮ್ಮ ಕ್ಯೂರಿಂಗ್ ಟ್ಯಾಂಕ್‌ನ ಮೂಲೆಯಲ್ಲಿ ಯಾವಾಗಲೂ ಒಂದಷ್ಟು ಕ್ಯೂಬ್ ದಿನಾಂಕ ಬರೆಯದೆ ಮುಳುಗಿರುತ್ತವೆ. ಸಿಮೆಂಟ್ ಜಾಸ್ತಿ ಹಾಕಿ ಲ್ಯಾಬ್ ಹುಡುಗನ ಕೈಲಿ ಮಾಡಿಸಿದವು. ಯಾವುದಾದರೂ ಸ್ಯಾಂಪಲ್ ಕೈಕೊಟ್ಟರೆ ಅದರಲ್ಲಿ ಮೂರು ಎತ್ತಿ, ಕೆಂಪು ಪೇಂಟ್‌ನಲ್ಲಿ ಬೇಕಾದ ದಿನಾಂಕ, ಕಾಲಂ ನಂಬರ್ ಬರೆದು ಹೊರಗಿನ ಲ್ಯಾಬ್‌ಗೆ ಕಳಿಸುತ್ತಾರೆ. ಎಷ್ಟೋ ಸಲ ಪೇಂಟ್ ಒಣಗಿರುವುದೂ ಇಲ್ಲ, ಹಿಡಿದರೆ ಕೈಗೆ ಹತ್ತುತ್ತದೆ. ಇಷ್ಟು ದಿನ ಆ ಕಾಗದಕ್ಕೆ ನನಗಿಂತ ಸೀನಿಯರ್ ಸಹಿ ಹಾಕುತ್ತಿದ್ದರು. ಅವರು ಕೆಲಸ ಬಿಟ್ಟರು. ಈಗ ಸಹಿ ನನ್ನದು.

ಮನೆ ಸಾಲ ಇದೆ. ನೋಟಿಸ್ ಪೀರಿಯಡ್ ಮೂರು ತಿಂಗಳು. "ಕೆಲಸ ಬಿಟ್ಟುಬಿಡು" ಅನ್ನುವ ಉತ್ತರ ಬಿಟ್ಟು ಬೇರೆ ಏನಾದರೂ ಇದ್ದರೆ ಹೇಳಿ.

ಬೆಣ್ಣೆದೋಸೆ:
ಸಹಿ ಹಾಕಬೇಡಿ. ಇದರಲ್ಲಿ ಚರ್ಚೆಗೆ ಏನಿದೆ?

ಇಎಂಐ_ಪೀಡಿತ:
ಯಾವ ಏರಿಯಾ ಅಂತನಾದರೂ ಹೇಳಿ ಸಾರ್. ನಾನು ಬುಕ್ ಮಾಡಿರುವುದೂ ಎರಡನೇ ಮಹಡಿ.

ನೆಲದ_ಮಾತು:
ಬೆಣ್ಣೆದೋಸೆಯವರೇ, ಕಂತು ನೀವು ಕಟ್ಟುತ್ತೀರಾ? ಮೊಬೈಲ್ ಹಿಡಿದು ಉಪದೇಶ ಮಾಡುವುದು ಸುಲಭ. ನಾನೂ ಇದೇ ಫೀಲ್ಡ್. ಕೆಲಸ ಮಾಡಿದ ಅರ್ಧಕ್ಕರ್ಧ ಸೈಟ್‌ನಲ್ಲಿ ಇದನ್ನು ನೋಡಿದ್ದೇನೆ. ಕೋಡ್‌ನಲ್ಲಿ ಕಾಂಕ್ರೀಟ್‌ಗೆ 1.5 ಸೇಫ್ಟಿ ಫ್ಯಾಕ್ಟರ್ ಇದೆ, ಲೋಡ್‌ಗೆ ಬೇರೆ 1.5 ಇದೆ. 22 ಬಂದ ಮಾತ್ರಕ್ಕೆ ಕಟ್ಟಡ ಬೀಳುವುದಿಲ್ಲ. ತಮ್ಮ, ಸಹಿ ಹಾಕಿ ಬೇರೆ ಕೆಲಸ ಹುಡುಕು. ಸಿಕ್ಕ ಮೇಲೆ ಹರಿಶ್ಚಂದ್ರ ಆಗು.

ಹಳೇ_ಕಾಂಕ್ರೀಟ್:
ಲೋಕೋಪಯೋಗಿ ಇಲಾಖೆಯಿಂದ ನಿವೃತ್ತನಾದವನು ನಾನು. ಎರಡು ಮಾತು.

ಮೊದಲು ನೆಲದ_ಮಾತು ಅವರಿಗೆ. ಆ 1.5 ಇರುವುದು ಕಾಂಕ್ರೀಟ್‌ನಲ್ಲಿ ಸಹಜವಾಗಿ ಆಗುವ ಏರುಪೇರಿಗೆ. ಕಾಲಂ ಸ್ವಲ್ಪ ವಾಲಿರುತ್ತದೆ, ವೈಬ್ರೇಟರ್ ಒಂದು ಕಡೆ ಸರಿಯಾಗಿ ಹೋಗಿರುವುದಿಲ್ಲ, ಒಂದು ಲೋಡ್ ಸ್ವಲ್ಪ ತೆಳ್ಳಗಿರುತ್ತದೆ. ಅದಕ್ಕೆಲ್ಲ ಸೇರಿ ಇಟ್ಟ ದುಡ್ಡು ಅದು. ಈ ಸೈಟ್‌ನ ಮ್ಯಾನೇಜರ್ ಗೊತ್ತಿದ್ದೂ ಅದನ್ನು ಮೊದಲೇ ಖರ್ಚು ಮಾಡಿದರೆ, ಆಮೇಲೆ ಗೊತ್ತಿಲ್ಲದ ತಪ್ಪಿಗೆ ಏನು ಉಳಿಯಿತು?

ಇನ್ನು ಸೈಟ್‌ಧೂಳು ಅವರಿಗೆ. ಕ್ಯೂಬ್ ಫೇಲ್ ಆದರೆ ಕಾಲಂ ಫೇಲ್ ಅಂತಲ್ಲ. ಇದನ್ನು ನೀವೂ ತಲೆಯಲ್ಲಿಟ್ಟುಕೊಳ್ಳಿ. ಕ್ಯೂಬ್ ತುಂಬುವಾಗ ಸರಿಯಾಗಿ ಕುಟ್ಟದಿದ್ದರೆ, ಅಚ್ಚು ಸೊಟ್ಟಗಿದ್ದರೆ, ಬಿಸಿಲಲ್ಲಿ ಬಿಟ್ಟು ತಡವಾಗಿ ನೀರಿಗೆ ಹಾಕಿದ್ದರೆ, ಮೆಷಿನ್ ಕ್ಯಾಲಿಬ್ರೇಷನ್ ಇಲ್ಲದಿದ್ದರೆ ಒಳ್ಳೆ ಕಾಂಕ್ರೀಟೂ ಕಡಿಮೆ ತೋರಿಸುತ್ತದೆ. ಹಾರುಬೂದಿ ಬೆರೆಸಿದ ಪಿಪಿಸಿ ಅಥವಾ ಸ್ಲ್ಯಾಗ್ ಸಿಮೆಂಟ್ ಆಗಿದ್ದರೆ ಬಲ ಬರುವುದು ನಿಧಾನ. ಹಾಗಂತ ಎರಡು ಮೂರು ಕಮ್ಮಿ ಆದರೆ ಒಂದು ಮಾತು. ಎಂಟು ಕಮ್ಮಿ ಅಂದರೆ ಸುಮ್ಮನೆ ಬಿಡುವ ಹಾಗಿಲ್ಲ.

ಇದಕ್ಕೆ ದಾರಿ ನಮ್ಮ ಕಾಂಕ್ರೀಟ್ ಕೋಡ್ ಐಎಸ್ 456ರಲ್ಲೇ ಇದೆ. ಸಂಶಯ ಬಂದ ಕಡೆ ಕೋರ್ ತೆಗೆಯಬೇಕು, ಅಂದರೆ ಗಟ್ಟಿಯಾದ ಕಾಂಕ್ರೀಟನ್ನೇ ಕೊರೆದು ತೆಗೆದ ಉರುಳೆಯಾಕಾರದ ತುಂಡು, ಕನಿಷ್ಠ ಮೂರು. ಆ ಮೂರರ ಸರಾಸರಿ ಗ್ರೇಡಿನ 85 ಶೇಕಡಾ ಬರಬೇಕು, ಯಾವ ಒಂದೂ 75 ಶೇಕಡಾಕ್ಕಿಂತ ಇಳಿಯಬಾರದು. ಎಂ30ಗೆ ಅಂದರೆ ಸರಾಸರಿ 25.5, ಒಂಟಿಯಾಗಿ 22.5. ಬಂದರೆ ಬಚಾವ್. ಬರದಿದ್ದರೆ ಡಿಸೈನರ್ ಕೂತು ಲೆಕ್ಕ ಹಾಕುತ್ತಾರೆ, ಜಾಕೆಟಿಂಗ್ ಮಾಡಿಸುತ್ತಾರೆ, ಅಂದರೆ ಕಾಲಂ ಸುತ್ತ ಹೊಸ ಕಬ್ಬಿಣ, ಕಾಂಕ್ರೀಟ್ ಕಟ್ಟಿ ಬಲಪಡಿಸುವುದು. ಇನ್ನೂ ಏಳು ಮಹಡಿ ಬಾಕಿ ಅಂದಿರಲ್ಲ, ಸರಿ ಮಾಡುವುದಕ್ಕೆ ಇದೇ ಸಮಯ. ಜನ ಬಂದು ವಾಸ ಮಾಡಿದ ಮೇಲೆ ಕಾಲಂ ಮುಟ್ಟುವುದಕ್ಕೂ ಆಗುವುದಿಲ್ಲ.

ಇಲ್ಲಿ ಇಬ್ಬರೂ "ಕಟ್ಟಡ ಬೀಳುತ್ತದಾ ಇಲ್ಲವಾ" ಅಂತ ಜಗಳ ಆಡುತ್ತಿದ್ದೀರಿ. ಅದು ನಿಮಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ, ಮ್ಯಾನೇಜರ್‌ಗೂ ಗೊತ್ತಿಲ್ಲ. ಪೇಂಟ್ ಬಳಿದ ಕ್ಯೂಬ್ ಹೋದರೆ ಯಾರಿಗೂ ಗೊತ್ತಾಗದ ಹಾಗೇ ಉಳಿಯುತ್ತದೆ. ಕಟ್ಟಡ ಗಟ್ಟಿಯಾಗಿದ್ದರೂ ಆ ರಿಪೋರ್ಟ್ ಸುಳ್ಳೇ.

ಸೈಟ್‌ಧೂಳು:
ಸರ್, ಕ್ಯೂಬ್ ನಾನೇ ಮುಂದೆ ನಿಂತು ಮಾಡಿಸಿದ್ದು. ಅಚ್ಚು ಸರಿ ಇದೆ, ಮೆಷಿನ್ ಸರ್ಟಿಫಿಕೇಟ್ ಚಾಲ್ತಿಯಲ್ಲಿದೆ. ಕಾರಣ ನನಗೆ ಗೊತ್ತು. ಆವತ್ತು ಟ್ರಾನ್ಸಿಟ್ ಮಿಕ್ಸರ್ ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡು ಬಹಳ ತಡ ಆಯಿತು. ಕಾಂಕ್ರೀಟ್ ಬಿಗಿದುಕೊಂಡಿತ್ತು, ಪಂಪ್ ಆಗುತ್ತಿರಲಿಲ್ಲ. ಡ್ರೈವರ್ ಪೈಪ್ ಹಿಡಿದು ಡ್ರಮ್‌ಗೆ ನೀರು ಬಿಟ್ಟ. ನೀರು ಜಾಸ್ತಿಯಾದರೆ ಬಲ ಕಡಿಮೆಯಾಗುತ್ತದೆ. ನಾನು ಬೇಡ ಅನ್ನುತ್ತಿದ್ದಂತೆ ನಮ್ಮ ಸೈಟ್ ಇನ್‌ಚಾರ್ಜ್ "ಬಿಡು ಬಿಡು" ಅಂದರು.

ಆರ್‌ಎಂಸಿ_ಬ್ಯಾಚರ್:
ಬಂತು ನೋಡಿ. ಕೊನೆಗೆ ಎಲ್ಲಾ ಆರ್‌ಎಂಸಿಯವರ, ಅಂದರೆ ರೆಡಿಮಿಕ್ಸ್ ಕಾಂಕ್ರೀಟ್ ಕಳಿಸುವ ನಮ್ಮ ತಲೆ ಮೇಲೆ. ನಮ್ಮ ಪ್ಲಾಂಟ್‌ನಲ್ಲಿ ಪ್ರತಿ ಲೋಡ್‌ಗೂ ಬ್ಯಾಚ್ ಸ್ಲಿಪ್ ಪ್ರಿಂಟ್ ಆಗುತ್ತೆ. ಸಿಮೆಂಟ್ ಎಷ್ಟು, ಎಂ ಸ್ಯಾಂಡ್ ಎಷ್ಟು, ನೀರು ಎಷ್ಟು, ಬೆರೆಸುವ ಕೆಮಿಕಲ್ (ಅಡ್‌ಮಿಕ್ಸ್‌ಚರ್) ಎಷ್ಟು, ಎಲ್ಲಾ ಇರುತ್ತೆ. ಸೈಟ್‌ನವರು ಗೇಟ್‌ನಲ್ಲಿ ಒಂದು ಗಂಟೆ ಗಾಡಿ ನಿಲ್ಲಿಸಿಕೊಂಡು, ಆಮೇಲೆ ನೀರು ಬಿಡಿಸಿ, ಫೇಲ್ ಆದಾಗ ನಮ್ಮ ಬಿಲ್ ಹಿಡಿಯುತ್ತಾರೆ. ಚಲನ್ ಹಿಂದೆ "ಸೈಟ್‌ನಲ್ಲಿ ನೀರು ಸೇರಿಸಲಾಯಿತು" ಅಂತ ಬರೆದು ಸಹಿ ಕೊಡಿ ಅಂದರೆ ಯಾರೂ ಕೊಡುವುದಿಲ್ಲ.

ಸೈಟ್‌ಧೂಳು:
ನಿಮ್ಮನ್ನು ದೂರುತ್ತಿಲ್ಲ ಅಣ್ಣ. ಬ್ಯಾಚ್ ಸ್ಲಿಪ್ ನನ್ನ ಹತ್ತಿರ ಇದೆ, ಅದರಲ್ಲಿ ನೀರು ಸರಿಯಾಗೇ ಇದೆ.

ಆರ್‌ಎಂಸಿ_ಬ್ಯಾಚರ್:
ಹಾಗಾದರೆ ಅದರ ಫೋಟೋ ಇವತ್ತೇ ತೆಗೆದಿಟ್ಟುಕೊಳ್ಳಿ. ಫೈಲ್ ಕಾಣೆಯಾಗುವುದಕ್ಕೆ ಜಾಸ್ತಿ ದಿನ ಬೇಕಾಗುವುದಿಲ್ಲ.

ಗಿರ್ಮಿಟ್_ಹುಬ್ಬಳ್ಳಿ:
"22 ಬಂದರೆ ಬೀಳುವುದಿಲ್ಲ" ಅಂದವರಿಗೆ ಒಂದು ನೆನಪು ಮಾಡುತ್ತೇನೆ. 2019ರ ಮಾರ್ಚ್ 19, ಧಾರವಾಡದ ಕುಮಾರೇಶ್ವರ ನಗರ. ಕೆಳಗೆ ಅಂಗಡಿ ಶುರುವಾಗಿದ್ದವು, ಮೇಲೆ ಕೆಲಸ ನಡೀತಿತ್ತು. ಮಧ್ಯಾಹ್ನ ಕುಸಿಯಿತು. 19 ಜನ ಹೋದರು. ದಿನಗಟ್ಟಲೆ ಅವಶೇಷ ತೆಗೆದರು, ಊರಿಗೆ ಊರೇ ಅಲ್ಲಿ ನಿಂತಿತ್ತು. ನಾನೂ ನಿಂತಿದ್ದೆ. ಜೆಸಿಬಿ ಶಬ್ದ ನಿಲ್ಲಿಸಿ, ಎಲ್ಲರೂ ಸುಮ್ಮನಿರಿ ಅಂತ ಕೈ ಮಾಡಿ, ಒಳಗಿಂದ ಯಾರಾದರೂ ಕೂಗುತ್ತಾರಾ ಅಂತ ಕಿವಿಗೊಡುತ್ತಿದ್ದರು. ಆ ಕೇಸ್‌ನಲ್ಲಿ ಮಾಲೀಕರ ಜೊತೆ ಎಂಜಿನಿಯರ್ ಕೂಡ ಅರೆಸ್ಟ್ ಆದರು. ಅಲ್ಲಿಯ ಕಾರಣ ಬೇರೆ, ನಿಮ್ಮ ಸೈಟ್‌ನದು ಬೇರೆ, ಒಪ್ಪುತ್ತೇನೆ. ಆದರೆ "ಏನೂ ಆಗಲ್ಲ ಬಿಡ್ರಿ" ಅನ್ನುವ ಮಾತು ಎರಡೂ ಕಡೆ ಒಂದೇ.

ಬೆಣ್ಣೆದೋಸೆ:
2024ರ ಅಕ್ಟೋಬರ್‌ನಲ್ಲಿ ಬೆಂಗಳೂರಿನ ಬಾಬುಸಾಬ್ ಪಾಳ್ಯದಲ್ಲಿ ಆಗಿದ್ದೂ ಕಟ್ಟುತ್ತಿದ್ದ ಕಟ್ಟಡವೇ. ಸತ್ತವರು ಅಲ್ಲಿ ಕೆಲಸ ಮಾಡುತ್ತಿದ್ದ ಕೂಲಿಯವರು. ಫ್ಲ್ಯಾಟ್ ತಗೊಳ್ಳುವವರ ಬಗ್ಗೆ ಮಾತ್ರ ಮಾತಾಡುತ್ತಿದ್ದೇವೆ. ಮೊದಲು ಕೆಳಗೆ ಸಿಕ್ಕಿಕೊಳ್ಳುವವರು ಸೆಂಟ್ರಿಂಗ್ ಹುಡುಗರು.

ನೆಲದ_ಮಾತು:
ಸರಿ, ನಾನು ವಿಲನ್. ಆದರೆ ಒಂದು ಹೇಳಿ, ಇವನು ಸಹಿ ಹಾಕದಿದ್ದರೆ ಏನಾಗುತ್ತೆ? ನಾಳೆ ಇನ್ನೊಬ್ಬ ಬಂದು ಹಾಕುತ್ತಾನೆ. ಕಾಲಂ ಹಾಗೇ ಇರುತ್ತೆ. ಇವನ ಕೆಲಸ ಹೋಗಿರುತ್ತೆ. ಲಾಭ ಯಾರಿಗೆ?

ಸೂಜಿಮೊನೆ:
ಈ "ಇನ್ನೊಬ್ಬರು ಮಾಡುತ್ತಾರೆ" ಅನ್ನುವುದನ್ನು ನಾನು ಆಸ್ಪತ್ರೆಯಲ್ಲಿ ಕೇಳುತ್ತಲೇ ಇರುತ್ತೇನೆ. ನಾನು ನರ್ಸ್. ರಾತ್ರಿ ಪಾಳಿಯಲ್ಲಿ ಬಿಪಿ ನೋಡಿರುವುದಿಲ್ಲ. ಬೆಳಗ್ಗೆ ರೌಂಡ್ಸ್‌ಗೆ ಮುಂಚೆ ಎರಡು ಗಂಟೆ, ನಾಲ್ಕು ಗಂಟೆ, ಆರು ಗಂಟೆ ಅಂತ ಚಾರ್ಟ್‌ನಲ್ಲಿ ತುಂಬಿಸು ಅನ್ನುತ್ತಾರೆ. ನಮ್ಮ ಹಿರಿಯ ಸಿಸ್ಟರ್ ಒಬ್ಬರು ಆ ಜಾಗದಲ್ಲಿ "ನೋಡಿಲ್ಲ" ಅಂತ ಬರೆದು ಸಹಿ ಹಾಕುತ್ತಿದ್ದರು. ಬೈಗುಳ ಜಾಸ್ತಿ ತಿಂದರು. ಆದರೆ ಡಾಕ್ಟರ್ ಬಂದು ಆ ಖಾಲಿ ಕಂಡು ತಾವೇ ಬಿಪಿ ನೋಡುತ್ತಿದ್ದರು. ಸುಳ್ಳು ಅಂಕಿ ಇದ್ದಿದ್ದರೆ ನೋಡುತ್ತಿರಲಿಲ್ಲ. ಲಾಭ ಯಾರಿಗೆ ಅಂತ ಕೇಳಿದಿರಲ್ಲ.

ನೆಲದ_ಮಾತು:
ಆ ಸಿಸ್ಟರ್ ಕೆಲಸ ಉಳಿಯಿತಾ?

ಸೂಜಿಮೊನೆ:
ಉಳಿಯಿತು. ಪ್ರಮೋಷನ್ ಬರಲಿಲ್ಲ.

ನೆಲದ_ಮಾತು:
ಅದನ್ನೇ ನಾನು ಹೇಳಿದ್ದು.

ಕರಿಕೋಟು:
ವಕೀಲ ನಾನು, ಫೀಸ್ ಇಲ್ಲದೆ ಹೇಳುತ್ತಿದ್ದೇನೆ, ಕೇಳಿ. ನಿರ್ಲಕ್ಷ್ಯದಿಂದ ಸಾವು ಅನ್ನುವುದು ಮೊದಲು ಐಪಿಸಿ 304ಎ ಆಗಿತ್ತು. ಜಾಸ್ತಿ ಅಂದರೆ ಎರಡು ವರ್ಷ ಶಿಕ್ಷೆ. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 106 ಬಂದಿದೆ, ಈಗ ಐದು ವರ್ಷದವರೆಗೆ. ಅದೂ ನಿರ್ಲಕ್ಷ್ಯ ಅಂತಾದರೆ. ಗೊತ್ತಿದ್ದೂ ಬೇರೆ ಕ್ಯೂಬ್‌ಗೆ ದಿನಾಂಕ ಬರೆದು ಕಳಿಸಿದ್ದು ನಿರ್ಲಕ್ಷ್ಯ ಅಲ್ಲ, ಉದ್ದೇಶಪೂರ್ವಕ ಅಂತ ಪ್ರಾಸಿಕ್ಯೂಷನ್‌ನವರು ವಾದ ಮಾಡುತ್ತಾರೆ. ಸುಳ್ಳು ದಾಖಲೆ ಸೃಷ್ಟಿ ಅಂತ ಬೇರೆ ಸೆಕ್ಷನ್ ಸೇರುತ್ತದೆ. "ಮ್ಯಾನೇಜರ್ ಹೇಳಿದರು" ಅಂತ ನೀವು ಕೋರ್ಟ್‌ನಲ್ಲಿ ಹೇಳಬಹುದು. ಮ್ಯಾನೇಜರ್ ಬಾಯಲ್ಲಿ ಹೇಳಿರುತ್ತಾರೆ, ನೀವು ಕಾಗದದ ಮೇಲೆ ಸಹಿ ಹಾಕಿರುತ್ತೀರಿ. ಯಾರ ಮಾತು ನಿಲ್ಲುತ್ತದೆ ನೀವೇ ಯೋಚನೆ ಮಾಡಿ.

ಮತ್ತೆ, ಸಾಲದ ಕಂತು ಜೈಲಿನಲ್ಲಿದ್ದರೂ ಕಟ್ಟಬೇಕು.

ಲೆಕ್ಕದಕ್ಕ:
ಇದೇ ವಿಷಯಕ್ಕೆ ನನಗೆ ಎಂಜಿನಿಯರ್‌ಗಳನ್ನು ನೋಡಿ ಬೇಜಾರು. ನಾನು ಸಿಎ. ತಪ್ಪು ಮಾಡಿದರೆ ನನ್ನ ಮೆಂಬರ್‌ಶಿಪ್ ಕಿತ್ತುಕೊಳ್ಳುವುದಕ್ಕೆ ಒಂದು ಸಂಸ್ಥೆ ಇದೆ. ಡಾಕ್ಟರ್‌ಗೆ ಮೆಡಿಕಲ್ ಕೌನ್ಸಿಲ್, ವಕೀಲರಿಗೆ ಬಾರ್ ಕೌನ್ಸಿಲ್, ಆರ್ಕಿಟೆಕ್ಟ್‌ಗೂ 1972ರ ಕಾಯ್ದೆ ಇದೆ. ಎಂಜಿನಿಯರ್‌ಗೆ ಇಡೀ ದೇಶಕ್ಕೆ ಅನ್ವಯಿಸುವ ಅಂಥ ಕಾನೂನೇ ಇಲ್ಲ. ಕೆಲವರು ಅದನ್ನು ಸ್ವಾತಂತ್ರ್ಯ ಅಂದುಕೊಂಡಿದ್ದಾರೆ. ಉಲ್ಟಾ. ಆಡಿಟ್‌ನಲ್ಲಿ ಕ್ಲೈಂಟ್ ಒತ್ತಾಯ ಮಾಡಿದಾಗ ನಾನು "ಸರ್, ನನ್ನ ಲೈಸೆನ್ಸ್ ಹೋಗುತ್ತೆ" ಅಂತ ಹೇಳಿ ಜಾರಿಕೊಳ್ಳಬಹುದು. ಕಂಪನಿ ಕಾಯ್ದೆ 143(12) ಪ್ರಕಾರ ದೊಡ್ಡ ವಂಚನೆ ಕಂಡರೆ ಸರ್ಕಾರಕ್ಕೆ ತಿಳಿಸಲೇಬೇಕು, ಅದು ನನ್ನ ಇಷ್ಟದ ಮಾತೇ ಅಲ್ಲ. ಸೈಟ್‌ನಲ್ಲಿ ನಿಂತ ಈ ಹುಡುಗನ ಬೆನ್ನಿಗೆ ಏನಿದೆ?

ಕರಿಕೋಟು:
ಅಷ್ಟೆಲ್ಲ ಇದ್ದೂ 2009ರಲ್ಲಿ ಸತ್ಯಂ ಕಂಪ್ಯೂಟರ್ಸ್ ಹಗರಣ ಆಯಿತಲ್ಲ ಅಕ್ಕ. ಬ್ಯಾಂಕಿನಲ್ಲಿ ಇಲ್ಲದ ದುಡ್ಡು ಪುಸ್ತಕದಲ್ಲಿತ್ತು.

ಲೆಕ್ಕದಕ್ಕ:
ಆಯಿತು. ಆ ಆಡಿಟರ್‌ಗಳಿಗೆ ಶಿಕ್ಷೆಯೂ ಆಯಿತು. ಕಾನೂನಿದ್ದರೆ ಕಳ್ಳತನ ಆಗುವುದಿಲ್ಲ ಅಂತ ನಾನೆಲ್ಲಿ ಹೇಳಿದೆ?

ಕೆಆರ್‌ಎಸ್_ಪ್ರೇಮಿ:
ವಿಶ್ವೇಶ್ವರಯ್ಯನವರ ನಾಡಿನಲ್ಲಿ ಇಂಥ ಪ್ರಶ್ನೆ ಕೇಳುವ ಕಾಲ ಬಂತಲ್ಲ! ಸರ್ಕಾರಿ ಕೆಲಸಕ್ಕೆ ಸರ್ಕಾರದ ಮೇಣದಬತ್ತಿ, ಸ್ವಂತ ಕೆಲಸಕ್ಕೆ ಸ್ವಂತ ಮೇಣದಬತ್ತಿ ಹಚ್ಚುತ್ತಿದ್ದ ಮಹಾನುಭಾವರು.

ಮಲ್ನಾಡ್_ಮಳೆ:
ಮಾರಾಯ್ರೆ, ಆ ಕಥೆಯನ್ನು ಚಾಣಕ್ಯನ ಮೇಲೂ ಹೇಳುತ್ತಾರೆ, ಅವನದು ಎಣ್ಣೆದೀಪ. ಸೆಪ್ಟೆಂಬರ್ 15 ಬಂದರೆ ವಾಟ್ಸಾಪ್‌ನಲ್ಲಿ ಈ ಬತ್ತಿ ಉರಿಯಲು ಶುರು. ಅವರ ಕೆಲಸ ಹೊಗಳಬೇಕಾದರೆ ಖಡಕ್‌ವಾಸ್ಲಾದ ತನ್ನಷ್ಟಕ್ಕೆ ತೆರೆಯುವ ಗೇಟ್ ಬಗ್ಗೆ ಹೇಳಿ. ಹೈದರಾಬಾದ್‌ನಲ್ಲಿ 1908ರ ಪ್ರವಾಹದ ನಂತರ ಮಾಡಿದ ಕೆಲಸದ ಬಗ್ಗೆ ಹೇಳಿ.

ಕೆಆರ್‌ಎಸ್_ಪ್ರೇಮಿ:
ಬತ್ತಿ ಬಿಡಿ. ಕೆಆರ್‌ಎಸ್‌ಗೆ ಸಿಮೆಂಟ್ ಇಲ್ಲದೆ ಸುಣ್ಣ, ಇಟ್ಟಿಗೆ ಪುಡಿಯ ಸುರ್ಕಿ ಗಾರೆ ಹಾಕಿದ್ದು. ಇನ್ನೂ ನಿಂತಿದೆ. ಕ್ಯೂಬ್ ಟೆಸ್ಟ್ ಯಾರು ಮಾಡಿದ್ದರು ಆಗ?

ಹಳೇ_ಕಾಂಕ್ರೀಟ್:
ಸುರ್ಕಿ ಕಲ್ಲಿನ ಕಟ್ಟಡ, ಎಂ30 ಕಾಲಂ, ಎರಡಕ್ಕೂ ಹೋಲಿಕೆಯೇ ಇಲ್ಲ. ಅಣೆಕಟ್ಟು ತನ್ನ ಭಾರದಿಂದಲೇ ನಿಲ್ಲುತ್ತದೆ. ಕೆಆರ್‌ಎಸ್ ಬಗ್ಗೆ ಬೇರೆ ಎಳೆ ಶುರು ಮಾಡಿ, ನಾನೂ ಬರುತ್ತೇನೆ. ಇಲ್ಲಿ ಒಬ್ಬ ಹುಡುಗ ಕಷ್ಟದಲ್ಲಿದ್ದಾನೆ.

ದೋಹಾ_ಕನ್ನಡಿಗ:
ಕತಾರ್‌ನಲ್ಲಿ ಇದೇ ಕ್ವಾಲಿಟಿ ಕೆಲಸ ಮಾಡುತ್ತೇನೆ. ನಮ್ಮ ಪ್ರಾಜೆಕ್ಟ್‌ನಲ್ಲಿ ಕ್ಯೂಬ್ ಅಚ್ಚಿಗೆ ಹಾಕುವ ಹೊತ್ತಿಗೇ ಕನ್ಸಲ್ಟೆಂಟ್ ಕಡೆಯವನು ಸಹಿ ಮಾಡಿದ ಚೀಟಿಯನ್ನು ಹಸಿ ಕಾಂಕ್ರೀಟ್ ಮೇಲೆ ಒತ್ತುತ್ತಾನೆ. ಗಟ್ಟಿಯಾದ ಮೇಲೆ ಆ ಚೀಟಿ ಕೀಳಲು ಬರುವುದಿಲ್ಲ. ಪೇಂಟ್ ಆಟ ನಡೆಯುವುದಿಲ್ಲ. ಇಲ್ಲಿಯವರು ನಮಗಿಂತ ಸತ್ಯವಂತರು ಅಂತಲ್ಲ. ಸುಳ್ಳು ಹೇಳುವುದು ಕಷ್ಟ ಮಾಡಿಟ್ಟಿದ್ದಾರೆ, ಅಷ್ಟೇ.

ಸಹಿಯ ವಿಷಯಕ್ಕೆ ನಾನು ಹೊಸಬರಿಗೆ ಯಾವಾಗಲೂ ಹೇಳುವುದು ಅಮೆರಿಕದ ಕಾನ್ಸಸ್ ಸಿಟಿಯ ಹಯಾತ್ ರೀಜೆನ್ಸಿ ಹೋಟೆಲ್ ಕಥೆ. ಲಾಬಿಯ ಮೇಲೆ ಸರಳುಗಳಿಂದ ತೂಗುಹಾಕಿದ ನಡೆದಾಡುವ ಸೇತುವೆಗಳಿದ್ದವು, ಒಂದರ ಕೆಳಗೆ ಒಂದು. ಡ್ರಾಯಿಂಗ್‌ನಲ್ಲಿ ಮೇಲಿಂದ ಕೆಳಗಿನವರೆಗೆ ಒಂದೇ ಉದ್ದ ಸರಳು. ಅಷ್ಟುದ್ದಕ್ಕೆ ಥ್ರೆಡ್ ಮಾಡುವುದು ತಾಪತ್ರಯ ಅಂತ ತಯಾರಿಸುವವರು ಅದನ್ನು ಎರಡು ತುಂಡು ಮಾಡಿದರು. ಕೆಳಗಿನ ಸೇತುವೆ ಮೇಲಿನ ಸೇತುವೆಗೆ ನೇತುಬಿತ್ತು. ಮೇಲಿನದರ ನಟ್ ಮೇಲೆ ಭಾರ ಎರಡು ಪಟ್ಟಾಯಿತು. ಆ ಬದಲಾವಣೆಯ ಡ್ರಾಯಿಂಗ್ ಎಂಜಿನಿಯರ್ ಆಫೀಸಿಗೆ ಬಂತು, ಲೆಕ್ಕ ಹಾಕದೆ ಸೀಲ್ ಬಿತ್ತು. 1981ರ ಜುಲೈ 17, ಲಾಬಿಯಲ್ಲಿ ಜನ ಡ್ಯಾನ್ಸ್ ಮಾಡುತ್ತಿದ್ದಾಗ ಕುಸಿದು 114 ಜನ ಸತ್ತರು. ಎಂಜಿನಿಯರ್‌ಗಳು ಲೈಸೆನ್ಸ್ ಕಳೆದುಕೊಂಡರು. ಅಲ್ಲಿ ಯಾರೂ ಲಂಚ ತಿಂದಿರಲಿಲ್ಲ, ಯಾರೂ ಹೆದರಿಸಿರಲಿಲ್ಲ. ಬರೀ ಇನ್ನೊಬ್ಬರು ನೋಡಿರುತ್ತಾರೆ ಅಂದುಕೊಂಡರು.

ಗಿರ್ಮಿಟ್_ಹುಬ್ಬಳ್ಳಿ:
ಅಮೆರಿಕದಲ್ಲಿ ಲೈಸೆನ್ಸ್ ಹೋಯಿತು. ನಮ್ಮಲ್ಲಿ ಹೋಗಲು ಲೈಸೆನ್ಸೇ ಇಲ್ಲ.

ಹೊಸ_ಪದವೀಧರ:
ನೇರವಾಗಿ ರೇರಾಗೆ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ಅಥವಾ ಪತ್ರಿಕೆಗೆ ಕೊಟ್ಟುಬಿಟ್ಟರೆ? ಹೆಸರು ಹಾಕದೆ ಬರೆದರೆ ಆಯಿತಲ್ಲ.

ಲೆಕ್ಕದಕ್ಕ:
ಹೆಸರು ಗುಟ್ಟಾಗಿಡಿ ಅಂತ ಬರೆದವರ ಕಥೆ ಗೊತ್ತಿಲ್ಲವಾ? ಸತ್ಯೇಂದ್ರ ದುಬೆ, ಹೆದ್ದಾರಿ ಪ್ರಾಧಿಕಾರದ ಎಂಜಿನಿಯರ್. ಸುವರ್ಣ ಚತುಷ್ಪಥ ಕೆಲಸದಲ್ಲಿನ ಅವ್ಯವಹಾರದ ಬಗ್ಗೆ ಪ್ರಧಾನಿ ಕಚೇರಿಗೆ ಬರೆದರು, ಹೆಸರು ಹೊರಗೆ ಬರಬಾರದು ಅಂತ ಕೇಳಿಕೊಂಡಿದ್ದರು. ಪತ್ರ ಕಚೇರಿಯಿಂದ ಕಚೇರಿಗೆ ಹೆಸರಿನ ಸಮೇತ ಓಡಾಡಿತು. 2003ರ ನವೆಂಬರ್ 27ರಂದು ಗಯಾದಲ್ಲಿ ಗುಂಡೇಟಿಗೆ ಸತ್ತರು. ಸಿಬಿಐ ಅದನ್ನು ದರೋಡೆ ಅಂತ ಹೇಳಿತು, ಅದನ್ನು ಒಪ್ಪದವರು ಬಹಳ ಜನ.

ಕೋಲಾರದ_ಮಾವು:
ನಮ್ಮ ಕಡೆಯ ಮಂಜುನಾಥ್ ಷಣ್ಮುಗಂ ಅವರನ್ನೂ ನೆನೆಯಬೇಕು. ಕೆಜಿಎಫ್‌ನವರು, ಓದಿದ್ದು ಮೈಸೂರಿನಲ್ಲಿ, ಆಮೇಲೆ ಲಕ್ನೋ ಐಐಎಂ. ಇಂಡಿಯನ್ ಆಯಿಲ್‌ನಲ್ಲಿ ಅಧಿಕಾರಿಯಾಗಿದ್ದಾಗ ಉತ್ತರ ಪ್ರದೇಶದ ಲಖೀಂಪುರ ಖೇರಿಯಲ್ಲಿ ಕಲಬೆರಕೆ ಮಾಡುತ್ತಿದ್ದ ಪೆಟ್ರೋಲ್ ಬಂಕ್ ಸೀಲ್ ಮಾಡಿಸಿದರು. 2005ರ ನವೆಂಬರ್‌ನಲ್ಲಿ ಕೊಂದರು. ವಯಸ್ಸು ಇನ್ನೂ ಮೂವತ್ತು ಆಗಿರಲಿಲ್ಲ.

ನೆಲದ_ಮಾತು:
ನೀವೇ ಎರಡು ಉದಾಹರಣೆ ಕೊಟ್ಟಿರಿ. ಇಬ್ಬರೂ ಈಗ ಇಲ್ಲ. ಇದನ್ನು ಓದಿ ಈ ಹುಡುಗ ಏನು ಕಲಿಯಬೇಕು?

ಕರಿಕೋಟು:
ಅದಕ್ಕೇ 2014ರಲ್ಲಿ ವಿಷಲ್ ಬ್ಲೋವರ್, ಅಂದರೆ ಒಳಗಿನ ಅಕ್ರಮ ಬಯಲು ಮಾಡುವವರ ರಕ್ಷಣೆಯ ಕಾಯ್ದೆ ಪಾಸ್ ಆಯಿತು. ಇನ್ನೂ ಜಾರಿಗೇ ತಂದಿಲ್ಲ. ತಂದರೂ ಅದು ಸರ್ಕಾರಿ ನೌಕರರ ಭ್ರಷ್ಟಾಚಾರದ ದೂರಿಗೆ. ಖಾಸಗಿ ಬಿಲ್ಡರ್ ಸೈಟ್‌ಗೆ ಅನ್ವಯಿಸುವುದಿಲ್ಲ. ಆದ್ದರಿಂದ ಪತ್ರಿಕೆ, ರೇರಾ ಎಲ್ಲಾ ಆಮೇಲೆ. ಮೊದಲು ಮನೆಯೊಳಗಿನ ದಾರಿ ನೋಡಿ.

ಹಳೇ_ಕಾಂಕ್ರೀಟ್:
ಇದನ್ನೇ ನಾನೂ ಹೇಳುತ್ತೇನೆ. ಇಲ್ಲಿ ಎಲ್ಲರೂ ಸಹಿ ಹಾಕು ಅಥವಾ ಹುತಾತ್ಮನಾಗು, ಎರಡೇ ಬಾಗಿಲು ಅನ್ನುವ ಹಾಗೆ ಮಾತಾಡುತ್ತಿದ್ದೀರಿ. ಮಧ್ಯದಲ್ಲಿ ಒಬ್ಬರಿದ್ದಾರೆ, ಸ್ಟ್ರಕ್ಚರಲ್ ಡಿಸೈನರ್. ಕಾಲಂ ಸಾಕಾ ಸಾಲದಾ ಅಂತ ಹೇಳುವ ಅಧಿಕಾರ ಅವರದು. ಅವರ ಹೆಸರು ಆ ಕಟ್ಟಡದ ಮೇಲಿದೆ. ಕಡಿಮೆ ರಿಸಲ್ಟ್ ಬಂದರೆ ಅವರಿಗೆ ತಿಳಿಸುವುದು ದೂರು ಅಲ್ಲ, ದಿನದ ಕೆಲಸ. ಸೈಟ್‌ಧೂಳು, ನೀವು ಅವರಿಗೆ ಮೇಲ್ ಕಳಿಸಬಹುದಾ?

ಸೈಟ್‌ಧೂಳು:
ಕಳಿಸಬಹುದು ಸರ್. ರಿಪೋರ್ಟ್‌ಗಳು ಅವರಿಗೆ ಹೋಗುತ್ತವೆ, ಮ್ಯಾನೇಜರ್ ಮೂಲಕ. ನೇರವಾಗಿ ಕಳಿಸಬೇಡ ಅಂತ ಯಾರೂ ಹೇಳಿಲ್ಲ.

ಕರಿಕೋಟು:
ಹೇಳುವ ಮೊದಲೇ ಕಳಿಸಿ. ಮ್ಯಾನೇಜರ್‌ಗೆ ಟು, ಡಿಸೈನರ್‌ಗೂ ಟು, ನಿಮ್ಮ ಮೇಲಿನ ಕ್ವಾಲಿಟಿ ಹೆಡ್‌ಗೆ ಕಾಪಿ. ಗುಣಗಾನ, ಆರೋಪ, ವಿಶೇಷಣ ಏನೂ ಬೇಡ. ಹೀಗೆ ಬರೆಯಿರಿ:

"ಎರಡನೇ ಮಹಡಿಯ ಇಂತಿಂಥ ಕಾಲಂಗಳಿಗೆ ಇಂಥ ದಿನ ಹಾಕಿದ ಎಂ30 ಕಾಂಕ್ರೀಟ್‌ನ 28 ದಿನದ ಫಲಿತಾಂಶ 22.4, 23.1, 21.8. ಬ್ಯಾಚ್ ಸ್ಲಿಪ್ ಮತ್ತು ಸ್ಲಂಪ್ ದಾಖಲೆ ಲಗತ್ತಿಸಿದೆ. ಐಎಸ್ 456ರಂತೆ ಕೋರ್ ಪರೀಕ್ಷೆ ಮಾಡಿಸಬೇಕೇ, ಮೇಲಿನ ಕೆಲಸ ಮುಂದುವರಿಸಬಹುದೇ, ದಯವಿಟ್ಟು ತಿಳಿಸಿ."

ಅಷ್ಟೇ. ನೀರು ಯಾರು ಬಿಟ್ಟರು, ಪೇಂಟ್ ಯಾರು ಬಳಿದರು ಅಂತ ಒಂದಕ್ಷರ ಬೇಡ. ಕೇಳಿದಾಗ ಹೇಳಿ. ಕೇಳಿದಾಗ ಮಾತ್ರ ಸುಳ್ಳು ಹೇಳಬೇಡಿ.

ಬೆಣ್ಣೆದೋಸೆ:
ಅಂದರೆ ಮ್ಯಾನೇಜರ್ ಮಾಡಿದ ಮೋಸ ಮುಚ್ಚಿಹೋಗುತ್ತದಲ್ಲ? ಹಳೆಯ ರಿಪೋರ್ಟ್‌ಗಳ ಗತಿ? ಕೆಳಗಿನ ಮಹಡಿ, ಬೇಸ್‌ಮೆಂಟ್ ಎಲ್ಲಾ ಪೇಂಟ್ ಕ್ಯೂಬ್ ಮೇಲೇ ನಿಂತಿರಬಹುದು. ಇದು ಅರ್ಧ ಧರ್ಮ.

ಕರಿಕೋಟು:
ಅರ್ಧವೇ. ಒಪ್ಪುತ್ತೇನೆ. ಪೂರ್ತಿ ಮಾಡಲು ಹೊರಟು ಮೊದಲ ದಿನವೇ ಗೇಟ್‌ನಿಂದ ಹೊರಗೆ ಹಾಕಿಸಿಕೊಂಡರೆ ಕೋರ್ ಕೂಡ ತೆಗೆಯುವುದಿಲ್ಲ.

ಹಳೇ_ಕಾಂಕ್ರೀಟ್:
ಬೆಣ್ಣೆದೋಸೆ ಹೇಳಿದ್ದರಲ್ಲಿ ಹುರುಳಿದೆ. ಕೆಳಗಿನ ಕಾಲಂಗಳ ಮೇಲೆ ರೀಬೌಂಡ್ ಹ್ಯಾಮರ್ ಹಿಡಿದು ಓಡಾಡಬಹುದು, ಕಾಂಕ್ರೀಟ್‌ಗೆ ಬಡಿದು ಎಷ್ಟು ಪುಟಿಯುತ್ತದೆ ಅಂತ ಅಳೆಯುವ ಸಾಧನ ಅದು. ನಿಖರ ಬಲ ಹೇಳುವುದಿಲ್ಲ, ಆದರೆ ಎಲ್ಲಿ ಸಂಶಯ ಪಡಬೇಕು ಅಂತ ತೋರಿಸುತ್ತದೆ. ಡಿಸೈನರ್ ಜೊತೆ ಮಾತಾಡುವಾಗ ಅದನ್ನೂ ಕೇಳಿ.

ಡಿಪ್ಲೊಮಾ_ಹುಡುಗ:
ಎಲ್ಲರೂ ಎಂಜಿನಿಯರ್ ಸಹಿ ಬಗ್ಗೆ ಹೇಳಿದಿರಿ. ನಾನು ಇಂಥದ್ದೇ ಒಂದು ಲ್ಯಾಬ್‌ನಲ್ಲಿ ಟೆಕ್ನಿಷಿಯನ್. ಪೇಂಟ್ ಡಬ್ಬಿ ಇರುವುದು ನಮ್ಮಂಥವರ ಕೈಯಲ್ಲಿ. ನಮಗೆ ಮೇಲ್ ಐಡಿಯೂ ಇಲ್ಲ, ಕಾಂಟ್ರ್ಯಾಕ್ಟ್ ಮೇಲೆ ಇರುತ್ತೇವೆ. ನಾಳೆ ತನಿಖೆ ಆದರೆ "ಲ್ಯಾಬ್ ಹುಡುಗ ಕ್ಯೂಬ್ ಅದಲು ಬದಲು ಮಾಡಿದ" ಅಂತ ಬರೆದು ಮುಗಿಸುತ್ತಾರೆ. ಸೈಟ್‌ಧೂಳು ಸಾರ್, ಮೇಲ್ ಕಳಿಸುವ ಮುಂಚೆ ನಿಮ್ಮ ಲ್ಯಾಬ್ ಹುಡುಗನಿಗೆ ಒಂದು ಮಾತು ಹೇಳಿ.

ಸೈಟ್‌ಧೂಳು:
ಇದು ನನ್ನ ತಲೆಗೆ ಹೊಳೆದೇ ಇರಲಿಲ್ಲ. ಥ್ಯಾಂಕ್ಸ್. ಹೇಳುತ್ತೇನೆ.

ನೆಲದ_ಮಾತು:
ಸರಿಯಪ್ಪ, ಮೇಲ್ ಐಡಿಯಾ ಪರವಾಗಿಲ್ಲ. ಇದು ನನಗೂ ಒಪ್ಪಿಗೆ. ಆದರೂ ಬೇರೆ ಕಡೆ ರೆಸ್ಯೂಮೆ ಹಾಕುವುದನ್ನು ನಿಲ್ಲಿಸಬೇಡ.

ಮಾಡರೇಟರ್:
ಕೆಆರ್‌ಎಸ್ ಸುರ್ಕಿ ಕುರಿತ ಉಳಿದ ಪ್ರತಿಕ್ರಿಯೆಗಳನ್ನು ಬೇರೆ ಎಳೆಗೆ ಸಾಗಿಸಿದ್ದೇವೆ. ಕಂಪನಿಯ ಹೆಸರು ಊಹಿಸುವ ಪ್ರತಿಕ್ರಿಯೆಗಳನ್ನು ಅಳಿಸಿದ್ದೇವೆ. ಇಎಂಐ_ಪೀಡಿತ, ದಯವಿಟ್ಟು ಗಮನಿಸಿ.

ಸೈಟ್‌ಧೂಳು:
ಕೆಲವರು ಮೆಸೇಜ್ ಮಾಡಿ ಏನಾಯಿತು ಅಂತ ಕೇಳುತ್ತಿದ್ದೀರಿ. ತಡವಾಯಿತು, ಕ್ಷಮಿಸಿ.

ಮೇಲ್ ಕಳಿಸಿದೆ. ಮ್ಯಾನೇಜರ್ ಕ್ಯಾಬಿನ್‌ಗೆ ಕರೆದು "ನನಗೊಂದು ಮಾತು ಹೇಳಬಹುದಿತ್ತಲ್ಲ" ಅಂದರು. ಹೇಳಿದ್ದೆ ಸರ್ ಅಂದೆ. ಕೂಗಾಡಲಿಲ್ಲ, ಅದೇ ಜಾಸ್ತಿ ಭಯ ಆಯಿತು. ಡಿಸೈನರ್ ಮಾತ್ರ ಅದೇ ದಿನ ಸಂಜೆ ಉತ್ತರ ಹಾಕಿದರು. ಮೇಲಿನ ಕೆಲಸ ನಿಲ್ಲಿಸಿ, ಕೋರ್ ತೆಗೆಯಿರಿ ಅಂತ.

ಸರಳು ಎಲ್ಲಿದೆ ಅಂತ ಸ್ಕ್ಯಾನ್ ಮಾಡಿ ಎರಡು ಕಡೆ ಮೂರು ಮೂರು ಕೋರ್ ತೆಗೆದರು. ಮೊದಲ ಜಾಗದಲ್ಲಿ 27.2, 24.1, 26.3. ಸರಾಸರಿ 25.9, ಪಾಸ್. ಎರಡನೇ ಜಾಗದಲ್ಲಿ 23.8, 20.9, 22.6. ಫೇಲ್. ಇದು ಆ ತಡವಾದ ಗಾಡಿಯ ಕಾಂಕ್ರೀಟ್ ಹೋದ ಕಡೆ. ಡಿಸೈನರ್ ಲೆಕ್ಕ ಹಾಕಿ ಮೂರು ಕಾಲಂಗೆ ಜಾಕೆಟಿಂಗ್ ಕೊಟ್ಟಿದ್ದಾರೆ. ಕೆಳಗಿನ ಮಹಡಿಗಳಲ್ಲಿ ಹ್ಯಾಮರ್ ಟೆಸ್ಟ್ ನಡೆಯುತ್ತಿದೆ. ಲ್ಯಾಬ್ ಹುಡುಗನಿಗೆ ಮೊದಲೇ ಹೇಳಿದ್ದೆ. ಅವನು ದಿನಾಂಕ ಇಲ್ಲದ ಕ್ಯೂಬ್‌ಗಳನ್ನೆಲ್ಲ ತೆಗೆದು ಒಡೆದು ಹಾಕಿದ.

ನನ್ನನ್ನು ಕ್ವಾಲಿಟಿಯಿಂದ ತೆಗೆದು ಬಿಲ್ಲಿಂಗ್‌ಗೆ ಹಾಕಿದ್ದಾರೆ. ಸಂಬಳ ಅದೇ.

ನೆಲದ_ಮಾತು:
ನೋಡಿದಿರಾ, ಅರ್ಧ ಪಾಸ್ ಆಯಿತು. ಬೀಳುತ್ತಿರಲಿಲ್ಲ.

ಬೆಣ್ಣೆದೋಸೆ:
ಅರ್ಧ ಫೇಲ್ ಆಯಿತು ಅಂತ ನಾನು ಓದಿದೆ. ಮತ್ತೆ ಕ್ಯೂಬ್ ಒಡೆದು ಹಾಕಿದ್ದು ಸರಿನಾ? ಅದೇ ಸಾಕ್ಷಿ ಆಗಿತ್ತಲ್ಲ.

ಕರಿಕೋಟು:
ಸರಿ ಅಲ್ಲ. ಆದರೆ ಆ ಹುಡುಗನ ಜಾಗದಲ್ಲಿ ನಿಂತು ನೋಡಿ. ಅವನು ಆ ಡಬ್ಬಿ ಮತ್ತೆ ಮುಟ್ಟದಿದ್ದರೆ ಸಾಕು ಅಂತ ನನಗನ್ನಿಸುತ್ತದೆ. ಇದನ್ನು ಕೋರ್ಟ್‌ನಲ್ಲಿ ಹೇಳಲಾರೆ, ಇಲ್ಲಿ ಹೇಳುತ್ತಿದ್ದೇನೆ.

ಬೆಣ್ಣೆದೋಸೆ:
ಆ ಮ್ಯಾನೇಜರ್ ನಾಳೆ ಇನ್ನೊಂದು ಸೈಟ್‌ನಲ್ಲಿ ಹೊಸ ಟ್ಯಾಂಕ್ ಇಡುತ್ತಾನೆ. ಆಗ ಈ ಎಳೆಯನ್ನು ಮೇಲೆ ತರುತ್ತೇನೆ.

ಹಳೇ_ಕಾಂಕ್ರೀಟ್:
ಸೈಟ್‌ಧೂಳು, ಕೋರ್ ತೆಗೆದ ತೂತುಗಳನ್ನು ಕುಗ್ಗದ ಗ್ರೌಟ್‌ನಿಂದ ತುಂಬಿಸಿದ್ದಾರಾ ನೋಡಿ. ಬರೀ ಸಿಮೆಂಟ್ ಮೆತ್ತಿ ಕೈತೊಳೆದುಕೊಳ್ಳುತ್ತಾರೆ.

ಸೈಟ್‌ಧೂಳು:
ಗ್ರೌಟೇ ಸರ್. ಬಿಲ್ ನನ್ನ ಟೇಬಲ್‌ಗೇ ಬಂತು, ಚೀಲದ ಲೆಕ್ಕ ನೋಡಿಯೇ ಪಾಸ್ ಮಾಡಿದೆ.

ಮಂಡ್ಯದ_ಮನೆ:
ಒಂದು ಡೌಟು. ನಾವು ಊರಲ್ಲಿ ಮೂವತ್ತು ನಲವತ್ತರ ಸೈಟ್‌ನಲ್ಲಿ ಮನೆ ಕಟ್ಟುತ್ತಿದ್ದೇವೆ. ಮುಂದಿನ ವಾರ ಮೋಲ್ಡು. ಮೇಸ್ತ್ರಿ ಕ್ಯೂಬ್ ಗೀಬ್ ಎಲ್ಲಾ ದೊಡ್ಡ ಬಿಲ್ಡಿಂಗ್‌ಗೆ ಅಂತಾರೆ. ನಮಗೂ ಬೇಕಾ?

ಹಳೇ_ಕಾಂಕ್ರೀಟ್:
ಬೇಕು. 150 ಮಿಲಿಮೀಟರ್‌ನ ಆರು ಅಚ್ಚು ಬಾಡಿಗೆಗೆ ತನ್ನಿ, ಹತ್ತಿರದ ಎಂಜಿನಿಯರಿಂಗ್ ಕಾಲೇಜಿನಲ್ಲಿ ವಿಚಾರಿಸಿ. ಗಾಡಿಯ ಮೊದಲ ಸುರಿತವೂ ಬೇಡ, ಕೊನೆಯದೂ ಬೇಡ, ಮಧ್ಯದ್ದು ತಗೊಳ್ಳಿ. ಮೂರು ಪದರವಾಗಿ ತುಂಬಿ ಚೆನ್ನಾಗಿ ಕುಟ್ಟಿಸಿ. ಮಾರನೇ ದಿನ ಅಚ್ಚು ಬಿಚ್ಚಿ ನೀರಿಗೆ ಹಾಕಿ. ಮೂರನ್ನು ಏಳನೇ ದಿನ, ಮೂರನ್ನು 28ನೇ ದಿನ ಒಡೆಸಿ. ಕಾಲೇಜ್ ಲ್ಯಾಬ್‌ಗೆ ನೀವೇ ಹೊತ್ತುಕೊಂಡು ಹೋಗಿ, ಮೇಸ್ತ್ರಿ ಕೈಲಿ ಕಳಿಸಬೇಡಿ.

ಮಂಡ್ಯದ_ಮನೆ:
ಮೇಸ್ತ್ರಿ ನಮ್ಮ ಭಾವಮೈದ ಸಾರ್.

ಹಳೇ_ಕಾಂಕ್ರೀಟ್:
ಹಾಗಾದರೆ ಖಂಡಿತಾ ನೀವೇ ಹೋಗಿ.